ಆಡದ ಮಾತು, ಒಣಗದ ಬಟ್ಟೆ

ಕನ್ನಡ ಪಂಡಿತನಾದ ನನಗೆ ಶಬ್ದಗಳೇ ಬಂಡವಾಳ. ಆದರೂ ಒಂದು ಶಬ್ದವನ್ನು ತರಗತಿಯಲ್ಲಿ ಆಡಲು ಇಪ್ಪತ್ತು ವರ್ಷ ಹಿಡಿಯಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಿಂಗಳಿಗೆ 4 ದಿನ ತಪ್ಪದೆ ಗೈರುಹಾಜರಾಗುತ್ತಿದ್ದಳು. ಕಾರಣವನ್ನು ಎಲ್ಲರೆದುರು ಕೇಳಿದೆ. ಮಗು ತಲೆ ತಗ್ಗಿಸಿತು. ಗೆಳತಿಯೊಬ್ಬಳು, "ಹೊರಗೆ ಕೂತಿದ್ಲು ಸಾರ್" ಎಂದಳು. ತಪ್ಪು ನನ್ನದು.

ಮುಟ್ಟು ಎಂಬುದು ಅಚ್ಚಗನ್ನಡದ ಮಾತು. ಅದನ್ನು ಬಿಟ್ಟು 'ಹೊರಗಾದಳು', 'ಕಾಗೆ ಮುಟ್ಟಿತು' ಎಂದು ಮರೆಮಾಚಿದೆವು. (ಸಂಸ್ಕೃತದಲ್ಲಿ ಪುಷ್ಪವತಿ ಎಂದು ಹೂ ಮುಡಿಸಿ, ಹಿತ್ತಿಲಲ್ಲಿ ಕೂರಿಸಿದವರೂ ನಾವೇ!) ಮಾತಿನ ಜೊತೆಗೆ ಬಟ್ಟೆಯೂ ಮರೆಯಾಯಿತು. ಯಾರ ಕಣ್ಣಿಗೂ ಬೀಳದಂತೆ ಕತ್ತಲೆ ಮೂಲೆಯಲ್ಲಿ ಒಣಹಾಕುವುದು, ಅದು ಒಣಗದೆ ಮುಗ್ಗುವುದು, ಆ ತೇವದಿಂದ ತುರಿಕೆ, ಸೋಂಕು. ತಾಯಂದಿರೇ, ದೋಷ ಬಟ್ಟೆಯದಲ್ಲ. ಹತ್ತಿಯ ಬಟ್ಟೆಯನ್ನು ಸಾಬೂನು ಹಚ್ಚಿ ಒಗೆದು, ಬಿಸಿಲಿಗೆ ಹರವಿ, ಪೂರ್ತಿ ಒಣಗಿಸಿ ಕೊಡಿರಿ. ಬಟ್ಟೆಯಾಗಲಿ ಪ್ಯಾಡಾಗಲಿ 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು. ಬೆಳಗ್ಗೆ 8ಕ್ಕೆ ಬಸ್ಸು ಹತ್ತಿದ ಹುಡುಗಿ ಸಂಜೆ 5ರವರೆಗೆ ಎಲ್ಲಿ ಬದಲಿಸಿಯಾಳು? ಚಿಲಕವಿಲ್ಲದ, ನೀರಿಲ್ಲದ ಶೌಚಾಲಯದಲ್ಲಿಯೆ?

2018ರ ಜುಲೈಯಲ್ಲಿ ಪ್ಯಾಡಿನ ಮೇಲಿನ ಜಿಎಸ್‌ಟಿ ತೆರಿಗೆ ರದ್ದಾಯಿತು. ಶಾಲೆಗಳಿಗೆ ಪ್ಯಾಡು ಕೊಡುವ ನಮ್ಮ ರಾಜ್ಯದ 'ಶುಚಿ' ಯೋಜನೆಯೂ ನಡುವೆ ನಿಂತು, 2024ರಲ್ಲಿ ಮರಳಿ ಆರಂಭವಾಯಿತು. ಸಂತೋಷ. ಆದರೆ ಬಾಗಿಲ ಚಿಲಕಕ್ಕೆ ಯೋಜನೆ ಬೇಕಿಲ್ಲವಷ್ಟೆ.

ನಮ್ಮಲ್ಲಿ ಮೊದಲು ಆದದ್ದು ಆ ಚಿಲಕ, ತೊಟ್ಟಿಗೆ ನೀರು, ಒಳಗೊಂದು ಮುಚ್ಚಳದ ಡಬ್ಬ. ವಿಜ್ಞಾನದ ಅಧ್ಯಾಪಕಿಯವರು ಹುಡುಗಿಯರೊಡನೆ ಮಾತಾಡಿದರು. ನಾನು ಹುಡುಗರೊಡನೆ ಮಾತಾಡಿದೆ. ಮುಂದಿನ ತಿಂಗಳು ಆ ಹುಡುಗಿ ತಪ್ಪಿಸಿದ್ದು ಒಂದೇ ದಿನ. ಅವಳ ಅಜ್ಜಿ ಮಾತ್ರ ಇನ್ನೂ ಒಪ್ಪಿಲ್ಲ.