ಬಾಗಿಲು ಮುಚ್ಚುವ ಮುನ್ನ ದಾರಿ ತೋರಿಸಬೇಕು



ಮಕ್ಕಳನ್ನು ದೂರದ ಊರಿಗೆ ಓದಲು ಕಳುಹಿಸುವಾಗ ಶುಲ್ಕವೆಷ್ಟು, ಊಟ ಹೇಗೆ, ಪದವಿಗೆ ಮಾನ್ಯತೆಯಿದೆಯೇ ಎಂದು ವಿಚಾರಿಸುತ್ತೇವೆ. ಊರಿನಲ್ಲಿ ಗಲಭೆ ಎದ್ದ ದಿನ ವಿಶ್ವವಿದ್ಯಾಲಯವು ನಮ್ಮ ಮಗುವಿಗೆ ಏನು ಹೇಳುತ್ತದೆ, ಹೇಗೆ ತಿಳಿಸುತ್ತದೆ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

2024ರ ಜುಲೈ ತಿಂಗಳ ಬಾಂಗ್ಲಾದೇಶವನ್ನು ನೆನೆಯೋಣ. ಸರಕಾರಿ ನೌಕರಿಯ ಮೀಸಲಾತಿಯ ವಿರುದ್ಧ ವಿದ್ಯಾರ್ಥಿಗಳು ಹೂಡಿದ ಚಳವಳಿಯಲ್ಲಿ 16ರಂದು ಸಾವುಗಳು ಸಂಭವಿಸಿದವು. ಆ ರಾತ್ರಿಯೇ ವಿಶ್ವವಿದ್ಯಾಲಯಗಳನ್ನು ಮುಚ್ಚಿ, ವಿದ್ಯಾರ್ಥಿನಿಲಯಗಳನ್ನು ತೆರವುಗೊಳಿಸಲು ಆದೇಶವಾಯಿತು. 18ರಂದು ಅಂತರ್ಜಾಲ ಸ್ಥಗಿತವಾಯಿತು. ಅದೇ ದಿನ ನಮ್ಮ ಹೈಕಮಿಷನ್, ವಾಸಸ್ಥಳದಿಂದ ಹೊರಗಿನ ಓಡಾಟವನ್ನು ಆದಷ್ಟು ತಗ್ಗಿಸಿ ಎಂದು ಸೂಚಿಸಿತು. 19ರ ನಡುರಾತ್ರಿ ಕರ್ಫ್ಯೂ ಬಂದಿತು. ಒಬ್ಬರು ಕೊಠಡಿ ಬಿಡಿ ಎಂದರು, ಮತ್ತೊಬ್ಬರು ಹೊರಗೆ ಬರಬೇಡಿ ಎಂದರು. ಇವೆರಡರ ನಡುವೆ ಸಿಲುಕಿದವರು ಇಪ್ಪತ್ತರ ಆಸುಪಾಸಿನ ಮಕ್ಕಳು. ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 8,500. ಅಖೌರಾ, ಪೆಟ್ರಾಪೋಲ್, ಡೌಕಿ ಗಡಿಗಳ ಮೂಲಕ ಮತ್ತು ವಿಮಾನಗಳಲ್ಲಿ ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಮರಳಿದರು. ಮೊಬೈಲ್ ಅಂತರ್ಜಾಲ ಮರಳಿದ್ದು 28ರಂದು.

ಇದು ನೆರೆಮನೆಯ ಕಥೆ ಮಾತ್ರವಲ್ಲ. 2023ರ ಮೇ ತಿಂಗಳಲ್ಲಿ ಮಣಿಪುರ ಹೊತ್ತಿ ಉರಿದಾಗಲೂ ಅಂತರ್ಜಾಲ ನಿಂತಿತು. ಮಹಾರಾಷ್ಟ್ರ, ತೆಲಂಗಾಣ, ಆಂಧ್ರ ಪ್ರದೇಶ ಸರಕಾರಗಳು ತಮ್ಮ ತಮ್ಮ ವಿದ್ಯಾರ್ಥಿಗಳನ್ನು ಇಂಫಾಲದಿಂದ ವಿಮಾನದಲ್ಲಿ ಕರೆತಂದವು. ಪುಣೆಯಲ್ಲಿ ನೆಲೆಸಿ ಬೆಳಗಾವಿಯ ವಿಳಾಸ ಉಳಿಸಿಕೊಂಡ ಮನೆಯ ಮಗು ಯಾವ ರಾಜ್ಯದ ಪಟ್ಟಿಗೆ ಸೇರಬೇಕು? ಎರಡು ಪಟ್ಟಿಗಳ ನಡುವೆ ಹೆಸರು ಬಿಟ್ಟುಹೋಗುವ ಭಯ ನಮ್ಮಂಥ ಹೊರನಾಡಿಗರಿಗೆ ಇದ್ದೇ ಇದೆ. ಆದುದರಿಂದ ಮೊದಲ ಪಟ್ಟಿ ವಿಶ್ವವಿದ್ಯಾಲಯದ್ದೇ ಆಗಿರಬೇಕು.

ಪ್ರವೇಶ ಪಡೆಯುವ ದಿನವೇ ನಾವು ಕೇಳಬೇಕಾದುದು ಇಷ್ಟು. ಹೋಗಲು ದಾರಿಯಿಲ್ಲದ ಕೊನೆಯ ವಿದ್ಯಾರ್ಥಿ ಇರುವವರೆಗೆ ವಸತಿನಿಲಯ ತೆರೆದಿರುವುದೇ? ಅಂತರ್ಜಾಲವಿಲ್ಲದಾಗ ಎಸ್ಸೆಮ್ಮೆಸ್, ಸ್ಥಿರ ದೂರವಾಣಿ, ಮಹಡಿಗೊಬ್ಬ ಹೊಣೆಗಾರ ಎಂಬ ವ್ಯವಸ್ಥೆ ಇದೆಯೇ? ತಿಳಿದುದೇನು, ಮುಂದಿನ ಸೂಚನೆ ಎಷ್ಟು ಗಂಟೆಗೆ ಎಂದು ಹೇಳುವವರಾರು? ಶಾಂತಿ ಮರಳಿದ ಮೇಲೆ ಹಾಜರಾತಿ, ಪರೀಕ್ಷೆ, ಮನಸ್ಸಿನ ಗಾಯ ಇವುಗಳಿಗೆ ಪರಿಹಾರವೇನು? ಈ ರಕ್ಷಣೆ ಮೆರವಣಿಗೆಗೆ ಹೋದವನಿಗೂ ಹೋಗದವನಿಗೂ ಸಮಾನವಾಗಿರಬೇಕು. ವಿದ್ಯಾರ್ಥಿಯ ಅಭಿಪ್ರಾಯ ನೋಡಿ ಬಾಗಿಲು ತೆರೆಯುವುದು ವಿದ್ಯಾಸಂಸ್ಥೆಗೆ ಶೋಭಿಸುವುದಿಲ್ಲ.

ನಮ್ಮ ಹೊಣೆಯೂ ಇದೆ. ಮುಖ್ಯ ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಡೋಣ. ಒಂದಿಷ್ಟು ನಗದು, ಗುರುತಿನ ಪತ್ರ, ಪಾಸ್‌ಪೋರ್ಟ್ ಒಂದೇ ಚೀಲದಲ್ಲಿರಲಿ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಬಂದ ಗಾಳಿಸುದ್ದಿಯನ್ನು ಮುಂದೆ ಕಳುಹಿಸದಿರೋಣ. ಭಯದಲ್ಲಿರುವ ಮಗುವಿಗೆ ನಮ್ಮ ಭಯವನ್ನೂ ಹೊರಿಸುವುದು ಬೇಡ.

ಈ ಬಾರಿ ಪ್ರವೇಶಕ್ಕೆ ಹೊರಟಿರುವ ಮಕ್ಕಳ ಪಾಲಕರು ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿರಿ. ಉತ್ತರವನ್ನೂ ಬರೆಹದಲ್ಲಿಯೇ ಪಡೆಯಿರಿ.