ತೂತು ತಗಡು ಮತ್ತು ಮೈಕ್ರಾನ್ ಲೆಕ್ಕ



ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಡಿಪ್ಲೊಮಾ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದಕ್ಕೆ ಸಂದರ್ಶನಕ್ಕೆ ಹೋಗಿದ್ದಳು. 0.12 ಮಿಲಿಮೀಟರ್ ಎಂದರೆ ಎಷ್ಟು ಮೈಕ್ರಾನ್ ಎಂದು ಕೇಳಿದರಂತೆ. ಗಾಬರಿಯಲ್ಲಿ 12 ಎಂದಳು. ಉತ್ತರ 120. ಕೆಲಸ ಸಿಗಲಿಲ್ಲ. ಭಾಷೆ ಕಲಿಸುವ ನನಗೆ ಈ ಮೈಕ್ರಾನ್ ಎಲ್ಲಿಂದ ಬಂತು ಎಂದು ತಿಳಿಯುವ ಹಠ ಹುಟ್ಟಿದ್ದೇ ಆಗ.

ನೀವು ಮದುವೆ ಮನೆಯಲ್ಲಿ ಮೆಹಂದಿಯ ಅಚ್ಚು ನೋಡಿದ್ದೀರಿ. ಅಚ್ಚನ್ನು ಎತ್ತುವಾಗ ಕೈ ನಡುಗಿದರೆ ಹೂವು ಕಲಸಿಹೋಗುತ್ತದೆ. ಮೊಬೈಲಿನ ಸರ್ಕ್ಯೂಟ್ ಬೋರ್ಡಿನ ಕೆಲಸವೂ ಹಾಗೆಯೇ. ಲೇಸರಿನಿಂದ ತೂತು ಕೊರೆದ ತೆಳು ಉಕ್ಕಿನ ತಗಡನ್ನು ಬೋರ್ಡಿನ ಮೇಲಿಟ್ಟು ಬೆಸುಗೆಯ ಪೇಸ್ಟನ್ನು ಬಳಿಯುತ್ತಾರೆ. ತವರ, ಬೆಳ್ಳಿ, ತಾಮ್ರದ ಪುಡಿ ಬೆರೆತ ಪೇಸ್ಟ್ ಅದು. ತಗಡು ಎತ್ತಿದಾಗ ಪೇಸ್ಟ್ ಬೋರ್ಡಿನಲ್ಲೇ ಉಳಿಯಬೇಕು, ತೂತಿನ ಗೋಡೆಗೆ ಅಂಟಬಾರದು.

ಇದಕ್ಕೊಂದು ಲೆಕ್ಕವಿದೆ. ತೂತಿನ ಬಾಯಿಯ ವಿಸ್ತೀರ್ಣವನ್ನು ಅದರ ಗೋಡೆಯ ವಿಸ್ತೀರ್ಣದಿಂದ ಭಾಗಿಸಿದರೆ ಸಾಮಾನ್ಯವಾಗಿ 0.66ಕ್ಕಿಂತ ಹೆಚ್ಚು ಬರಬೇಕು. ದುಂಡು ತೂತಿಗೆ ವ್ಯಾಸವನ್ನು ದಪ್ಪದ ನಾಲ್ಕರಷ್ಟರಿಂದ ಭಾಗಿಸಿದರೆ ಸಾಕು. ವ್ಯಾಸ 0.3, ದಪ್ಪ 0.12 ಮಿಲಿಮೀಟರ್ ಆದರೆ 0.625: ನಾಪಾಸು. ದಪ್ಪವನ್ನು 0.1 ಮಾಡಿ: 0.75, ಪಾಸು. ಇಪ್ಪತ್ತು ಮೈಕ್ರಾನಿನ ವ್ಯತ್ಯಾಸ ಅಷ್ಟೆ! ನಮ್ಮ ತಲೆಕೂದಲಿಗಿಂತಲೂ ತೆಳು.

ಆಮೇಲೆ ಪರೀಕ್ಷೆ. ಯಂತ್ರವೊಂದು ಬೆಳಕು ಚೆಲ್ಲಿ ಪ್ರತಿ ಚುಕ್ಕೆಯ ಎತ್ತರ, ಅಗಲ, ಪ್ರಮಾಣ ಅಳೆಯುತ್ತದೆ. ಇಲ್ಲಿ ಸರಾಸರಿ ನಂಬಿ ಕೆಡಬೇಡಿ. ಒಂದು ಚುಕ್ಕೆಯಲ್ಲಿ ಶೇ. 40, ಇನ್ನೊಂದರಲ್ಲಿ ಶೇ. 160 ಪೇಸ್ಟ್ ಇದ್ದರೂ ಸರಾಸರಿ ನೂರೇ. ಆದರೆ ಮೊದಲನೆಯದರಲ್ಲಿ ಬೆಸುಗೆ ಸರಿಯಾಗಿ ಕೂಡದೆ ಹೋಗಬಹುದು, ಎರಡನೆಯದು ಪಕ್ಕದ ಚುಕ್ಕೆಗೆ ಸೇತುವೆ ಕಟ್ಟಬಹುದು. ಆದ್ದರಿಂದ ಹಲವು ಬೋರ್ಡುಗಳನ್ನು ಅಚ್ಚು ಹಾಕಿ, ಅಳತೆಗಳು ಎಷ್ಟು ಚದುರುತ್ತವೆ ಎಂದು ನೋಡುತ್ತಾರೆ. ಅಳೆಯುವ ಯಂತ್ರವನ್ನೂ ಬಿಡುವುದಿಲ್ಲ. ಅದೇ ಬೋರ್ಡನ್ನು ಮತ್ತೆ ಮತ್ತೆ ಅಳೆಸುತ್ತಾರೆ.

1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗ ಅವರು ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡರು. ಅತ್ತ ಪೀಣ್ಯದ ದಾರಿಯಲ್ಲಿ, ತುಮಕೂರು ರಸ್ತೆಯ ಸಿಎಂಟಿಐ ಸಂಸ್ಥೆ 1960ರ ದಶಕದಿಂದ ಯಂತ್ರೋಪಕರಣಗಳ ನಿಖರತೆಗಾಗಿಯೇ ದುಡಿಯುತ್ತಿದೆ. ಎರಡೂ ನಮ್ಮೂರಿನ ಬಸ್ಸು ಹೋಗುವ ಜಾಗಗಳೇ.

ಆ ಹುಡುಗಿ ಈಗ ಬೇರೊಂದು ಕಡೆ ಅದೇ ತಗಡಿನ ಯಂತ್ರದ ಮುಂದೆ ನಿಂತಿದ್ದಾಳೆ. ಸವೆದ ತಗಡೊಂದನ್ನು ಕೇಳಿ ಪಡೆದು ಶಾಲೆಗೆ ತಂದುಕೊಟ್ಟಳು. ಸ್ಕ್ರೂಗೇಜಿನಲ್ಲಿ ಅಳೆಯಿರಿ ಎಂದೆ. ಐದು ಮಕ್ಕಳಲ್ಲಿ ಮೂವರಿಗೆ 0.12, ಒಬ್ಬನಿಗೆ 0.11, ಒಬ್ಬಳಿಗೆ 0.13 ಬಂತು. ಯಾರದ್ದು ಸರಿ ಎಂಬ ಜಗಳ ಇನ್ನೂ ಮುಗಿದಿಲ್ಲ.