ಬೆಟ್ಟದ ನೆಲ್ಲಿಯ ಒಂದು ವರುಷ

ಕಾರ್ತಿಕ ಶುದ್ಧ ದ್ವಾದಶಿ ಹತ್ತಿರ ಬಂತೆಂದರೆ ಪೇಟೆಯ ಬೀದಿಗಳಲ್ಲಿ ಕಾಯಿ ಸಮೇತ ಬೆಟ್ಟದ ನೆಲ್ಲಿಯ ಟೊಂಗೆಗಳು ರಾಶಿ ಬೀಳುತ್ತವೆ. ತುಳಸಿಯ ಪಕ್ಕ ಒಂದು ನೆಲ್ಲಿಕೊಂಬೆ ನೆಟ್ಟರೇ ತುಳಸಿ ಪೂಜೆಗೆ ಕಳೆ. ಆದರೆ ಆ ಕಾಯಿ ಅಲ್ಲಿಯವರೆಗೆ ಬರಲು ಕಾಡಿನಲ್ಲಿ ಏಳೆಂಟು ತಿಂಗಳು ಹಿಡಿದಿರುತ್ತದೆ.

ಬಿಳಿಗಿರಿರಂಗನ ಬೆಟ್ಟದಂಥ ಎಲೆಯುದುರುವ ಕಾಡಿನಲ್ಲಿ ಚಳಿ ಮುಗಿದು ಬಿಸಿಲೇರುವಾಗ ನೆಲ್ಲಿಮರ ಬೋಳಾಗುತ್ತದೆ. ಉದುರುವುದು ಬರೀ ಎಲೆಯಲ್ಲ. ಹುಣಸೆ ಸೊಪ್ಪಿನಂತೆ ಕಾಣುವ ಅದರ ಒಂದೊಂದು ಎಸಳೂ ನಿಜಕ್ಕೆ ಒಂದು ಪುಟ್ಟ ರೆಂಬೆ. ಅದರ ಎರಡೂ ಬದಿಗೆ ಸಾಲಾಗಿ ಸಣ್ಣ ಸಣ್ಣ ಎಲೆಗಳು. ಎಲೆಯೊಂದಿಗೆ ಆ ರೆಂಬೆಯೂ ಕಳಚಿ ಬೀಳುತ್ತದೆ. ಬೇಸಿಗೆಯಲ್ಲಿ ಹಳೆಯ ಕೊಂಬೆಯ ಗಂಟುಗಳಿಂದ ಹೊಸ ರೆಂಬೆಗಳು ಚಿಗುರುತ್ತವೆ. ಚಿಗುರಿನ ಜೊತೆಜೊತೆಗೇ ಅವುಗಳ ಬುಡದಲ್ಲಿ ಹಸಿರುಹಳದಿ ಬಣ್ಣದ ಪುಟಾಣಿ ಹೂಗಳು. ಗೊಂಚಲು ತುಂಬ ಗಂಡು ಹೂ, ಹೆಣ್ಣು ಹೂ ಬೆರಳೆಣಿಕೆಯಷ್ಟು.

ಮುಂದಿನದ್ದೇ ಸೋಜಿಗ. ಹೂ ಕಾಯಿಗಟ್ಟಿದರೂ ಕಾಯಿ ಬೆಳೆಯುವುದಿಲ್ಲ. ಬಿರುಬೇಸಿಗೆಯಲ್ಲಿ ಆ ಹೀಚು ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ ಸುಮ್ಮನೆ ಕೂತಿರುತ್ತದೆ. ಮಳೆಗಾಲ ಹಿಡಿದ ಮೇಲಷ್ಟೇ ಅದಕ್ಕೆ ಜೀವ ಬಂದು, ಬೇಗಬೇಗ ದಪ್ಪಗಾಗುತ್ತದೆ.

ಚಳಿಗಾಲದಲ್ಲಿ ಬಲಿತ ಕಾಯಿ ಉದುರಿದಾಗ ಜಿಂಕೆ, ಕಾಡುಕುರಿಗಳು ಮರದಡಿಗೆ ಬರುತ್ತವೆ. ಕಾಯಿ ನುಂಗಿ, ಮೆಲುಕು ಹಾಕುವಾಗ ಗೊರಟೆಯನ್ನು ಬೇರೆಲ್ಲೋ ಉಗುಳುತ್ತವೆ. ಒಣಗಿದ ಗೊರಟೆ ಸಿಡಿದು ಬೀಜ ಚೆಲ್ಲುತ್ತದೆ. ಹೊಸ ನೆಲ್ಲಿಗಿಡ ಹುಟ್ಟುವುದು ಹೀಗೆ.

ಈ ಕಾಲಮಾನವನ್ನು ಚೆನ್ನಾಗಿ ಬಲ್ಲವರು ಬಿಳಿಗಿರಿರಂಗನ ಬೆಟ್ಟದಲ್ಲಿ ತಲೆಮಾರುಗಳಿಂದ ನೆಲ್ಲಿ ಬಿಡಿಸುತ್ತ ಬಂದ ಸೋಲಿಗ ಬುಡಕಟ್ಟಿನವರು. ನೆಲ್ಲಿಯ ಕೊಂಬೆಗೆ ಬಂದಳಿಕೆ ಹತ್ತಿದರೆ ಅದು ಮರದ ನೀರು, ಸಾರ ಹೀರುತ್ತದೆ; ಕಾಯಿ ಕಡಿಮೆಯಾಗುತ್ತದೆ, ಕಡೆಗೆ ಮರವೇ ಒಣಗುತ್ತದೆ. ಹಿಂದೆ ತಾವು ನೆಲದ ಒಣ ಎಲೆಗೆ ಹಚ್ಚುತ್ತಿದ್ದ ತರಗು ಬೆಂಕಿ ಬಂದಳಿಕೆಯನ್ನು ಹತೋಟಿಯಲ್ಲಿಟ್ಟಿತ್ತು ಎನ್ನುವುದು ಸೋಲಿಗ ಹಿರಿಯರ ಅನುಭವದ ಮಾತು. ಬೆಟ್ಟ 1974ರಲ್ಲಿ ವನ್ಯಧಾಮವಾದ ಮೇಲೆ ಬೆಂಕಿ ನಿಂತಿತು, ಬಂದಳಿಕೆ ಹಬ್ಬಿತು. ಮರದ ಜೊತೆ ಬಾಳಿದವರ ಈ ತಿಳಿವಳಿಕೆಗೆ ಕಾಡಿನ ಆಡಳಿತದಲ್ಲಿ ಜಾಗ ಸಿಗಲೇಬೇಕು.

ಪೇಟೆಯವರ ಪಾಲಿಗೂ ಒಂದು ಕರ್ತವ್ಯವಿದೆ. ಮುಂದಿನ ವರುಷದ ಚಿಗುರು, ಹೂ ಬರಬೇಕಾದದ್ದು ಇಂದು ಮುರಿದು ತರುವ ಆ ಹಳೆಯ ಕೊಂಬೆಯಲ್ಲೇ. ಪೂಜೆಗೆ ಕಾಯಿಯಿರುವ ಒಂದು ಪುಟ್ಟ ರೆಂಬೆ ಸಾಕು. ಈ ಸಲ ದೊಡ್ಡ ಟೊಂಗೆಗಳನ್ನು ಕೊಳ್ಳದಿರಿ. ಹಿತ್ತಿಲಲ್ಲಿ ಜಾಗವಿದ್ದರೆ ಒಂದು ನೆಲ್ಲಿಸಸಿ ನೆಡಿ.